ಕುದುರೆಗಿಂತ ಹುರುಳಿ ತುಟ್ಟಿ: ರಿಮೋಟ್ ಕಾರು ನಮ್ಮ ಜಿಲ್ಲೆಗೆ ಬಂದ ದಾರಿ

ಸಿದ್ಧಗಂಗೆಯ ಶಿವರಾತ್ರಿ ಜಾತ್ರೆ ಇರಲಿ, ಗುಬ್ಬಿ ಚನ್ನಬಸವೇಶ್ವರನ ತೇರಿರಲಿ, ಕುಣಿಗಲ್ ತಾಲ್ಲೂಕಿನ ಎಡೆಯೂರಿನ ತೇರಿರಲಿ, ಆಟಿಕೆ ಅಂಗಡಿಗಳ ಸಾಲಿನಲ್ಲಿ ಒಂದು ದೃಶ್ಯ ತಪ್ಪುವುದಿಲ್ಲ. ಹುಡುಗ ರಿಮೋಟ್ ಕಾರಿನ ಮುಂದೆ ಕಾಲೂರಿ ನಿಂತಿರುತ್ತಾನೆ, ಅಪ್ಪ ಜೇಬು ಮುಟ್ಟಿ ನೋಡಿಕೊಳ್ಳುತ್ತಿರುತ್ತಾನೆ. ಕೊನೆಗೆ ಕಾರು ಮನೆಗೆ ಬರುತ್ತದೆ, ಒಂದು ವಾರ ಓಡುತ್ತದೆ, ಆಮೇಲೆ ಅಟ್ಟ ಸೇರುತ್ತದೆ. ಎರಡು ದಿನದ ಕೂಲಿ ಅಟ್ಟದ ಮೇಲೆ ಧೂಳು ತಿನ್ನುತ್ತದೆ.

‘ಯಾವ ಕಾರು ತಗೊಳ್ಳೋದು?’ ಎಂದು ಕೇಳುವವರು ಬಹಳ. ಆದರೆ ಅಟ್ಟ ಸೇರಿದ ಕಾರುಗಳನ್ನು ಇಳಿಸಿ ಬಿಚ್ಚಿ ನೋಡಿದರೆ ಹೆಚ್ಚಿನವುಗಳಲ್ಲಿ ಮೋಟಾರು ಚೆನ್ನಾಗಿಯೇ ಇರುತ್ತದೆ, ಗೇರೂ ಸವೆದಿರುವುದಿಲ್ಲ. ಸತ್ತಿರುವುದು ಬ್ಯಾಟರಿ. ಅದನ್ನು ಕೊಂದಿದ್ದು ಚಾರ್ಜರ್. ಕುಣಿಗಲ್‌ನ ಕುದುರೆ ಫಾರಂ ಟಿಪ್ಪು ಕಾಲದಿಂದ ಬಂದದ್ದು ಎನ್ನುತ್ತಾರೆ. ಅಂಥ ಊರಿನವರಿಗೆ ಕುದುರೆ ಕೊಳ್ಳುವ ಖರ್ಚು ಒಂದು ದಿನದ್ದು, ಹುರುಳಿಯ ಖರ್ಚು ದಿನಾ ಬರುವಂಥದ್ದು ಎಂದು ಬಿಡಿಸಿ ಹೇಳಬೇಕಿಲ್ಲ. ಆಟಿಕೆ ಕಾರಿನ ಇತಿಹಾಸವನ್ನೂ ನಾವು ಈ ಹುರುಳಿಯ ಕಡೆಯಿಂದಲೇ ನೋಡಬೇಕು ಎಂಬುದು ನಮ್ಮ ವಾದ.

ಮೊದಲು ಹುರುಳಿಯೇ ಬೇಕಿರಲಿಲ್ಲ. ಗುಬ್ಬಿ ಸೀಮೆಯ ತೋಟಗಳಲ್ಲಿ ಅಡಿಕೆ ಹಾಳೆ ಬಿದ್ದರೆ ಅದೇ ವಾಹನ. ಒಬ್ಬ ಕೂರುತ್ತಾನೆ, ಇನ್ನೊಬ್ಬ ಎಳೆಯುತ್ತಾನೆ, ಚಡ್ಡಿ ಹರಿದ ಮೇಲೆ ಪಾತ್ರ ಬದಲು. ಸವೆದ ಹವಾಯಿ ಚಪ್ಪಲಿಯನ್ನು ದುಂಡಗೆ ಕೊಯ್ದರೆ ನಾಲ್ಕು ಚಕ್ರ. ಸೈಕಲ್ ಟೈರಿಗೆ ಒಂದು ಕೋಲು ಸಾಕು. ಪಕ್ಕದ ಜಿಲ್ಲೆ ಚನ್ನಪಟ್ಟಣದ ಆಲೆ ಮರದ ಗಾಡಿಗಳು ಬಣ್ಣ ಹೊತ್ತು ಬಂದರೂ ಓಡುತ್ತಿದ್ದದ್ದು ಮಗುವಿನ ಕೈಬಲದಿಂದಲೇ. ಆಮೇಲೆ ಕೀ ಕೊಡುವ ತಗಡಿನ ಕಾರು ಬಂತು. ಸ್ಪ್ರಿಂಗ್ ಸುತ್ತಿದಷ್ಟು ಓಟ. ಅಲ್ಲೂ ಶಕ್ತಿ ಬೆರಳಿನದೇ, ಸ್ಪ್ರಿಂಗ್ ಅದನ್ನು ಅರ್ಧ ನಿಮಿಷ ಇಟ್ಟುಕೊಂಡಿರುತ್ತಿತ್ತು ಅಷ್ಟೆ.

ಕೀಯಿಂದ ಸೆಲ್ಲಿಗೆ ಹೊರಳಿದ ಆ ಗಳಿಗೆಯನ್ನು ತುಮಕೂರಿನಷ್ಟು ಹತ್ತಿರದಿಂದ ಅನುಭವಿಸಿದ ಊರು ಕಡಿಮೆ. 1978ರಲ್ಲಿ ಇಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಶುರುವಾಯಿತು. ದಿನಾ ಬೆಳಿಗ್ಗೆ ಕೀ ಕೊಡುವ ಗಡಿಯಾರ ಎಚ್‌ಎಂಟಿಯ ಜೀವಾಳ. 1981ರಲ್ಲೇ ಅದೇ ಕಂಪನಿ ದೇಶಕ್ಕೆ ಕ್ವಾರ್ಟ್ಜ್ ಗಡಿಯಾರವನ್ನೂ ಕೊಟ್ಟಿತು. ಆದರೆ ಅದರ ಮನಸ್ಸು ಕೀ ಕಡೆಯೇ ಇತ್ತು. 1984ರಲ್ಲಿ ಹುಟ್ಟಿದ ಟೈಟನ್ ಗುಂಡಿಯಷ್ಟು ಗಾತ್ರದ ಸೆಲ್ಲನ್ನು ನಂಬಿ ಹೊಸೂರಿನಲ್ಲಿ ಕಾರ್ಖಾನೆ ಹೂಡಿತು. ಮುಂದೇನಾಯಿತು ಎಂಬುದು ನಗರದ ನೂರಾರು ಕುಟುಂಬಗಳಿಗೆ ಗೊತ್ತು. 2016ರಲ್ಲಿ ತುಮಕೂರಿನ ಘಟಕದ ಬಾಗಿಲು ಮುಚ್ಚಿತು, ಜಾಗ ಆಮೇಲೆ ಇಸ್ರೊ ಪಾಲಾಯಿತು. ಕಾರ್ಖಾನೆ ಮುಚ್ಚಲು ಬೇರೆ ಕಾರಣಗಳೂ ಇದ್ದವು. ಆದರೂ ಸೆಲ್ಲಿನ ಬಲವನ್ನು ಕಡಿಮೆ ಅಂದಾಜು ಮಾಡಿದ್ದು ಅವುಗಳಲ್ಲಿ ದೊಡ್ಡದು ಎಂದೇ ನಮಗೆ ತೋರುತ್ತದೆ.

ಹಳ್ಳಿಗೆ ಸೆಲ್ ಬಂದದ್ದು ಆಟಕ್ಕಲ್ಲ. ಕರೆಂಟು ಬಾರದ ಊರುಗಳಲ್ಲಿ ರಾತ್ರಿ ತೋಟಕ್ಕೆ ನೀರು ಕಟ್ಟಲು ಹೋಗುವವರ ಕೈಯಲ್ಲಿ ಟಾರ್ಚ್ ಇತ್ತು. ನಮ್ಮ ಕಡೆ ಟಾರ್ಚಿಗೇ ‘ಬ್ಯಾಟ್ರಿ’ ಎಂದು ಹೆಸರು, ಒಳಗೆ ಹಾಕುವುದಕ್ಕೆ ‘ಶೆಲ್ಲು’. ಕೆಂಪು ಬಣ್ಣದ ಎವರೆಡಿ ಶೆಲ್ಲು ಮಾಡುತ್ತಿದ್ದದ್ದು ಯೂನಿಯನ್ ಕಾರ್ಬೈಡ್. 1984ರ ಭೋಪಾಲ ದುರಂತದ ಕಾರ್ಖಾನೆಯೂ ಅದೇ ಕಂಪನಿಯದು ಎಂಬುದು ಇವತ್ತಿನ ಎಷ್ಟೋ ಮಂದಿಗೆ ಗೊತ್ತಿಲ್ಲ. ಟಾರ್ಚಿನ ಜೊತೆಗೆ ಟ್ರಾನ್ಸಿಸ್ಟರ್ ರೇಡಿಯೊ ಬಂತು. ರೇಡಿಯೊ ಇಟ್ಟುಕೊಳ್ಳಲು 1980ರ ದಶಕದ ಮಧ್ಯದವರೆಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು.

ಈ ಶೆಲ್ಲು ತುಟ್ಟಿಯ ಸಾಮಾನು. ಟಾರ್ಚು ಮಂಕಾದರೆ ಹಿರಿಯರು ಶೆಲ್ಲನ್ನು ಸೂರಿನ ಹೆಂಚಿನ ಮೇಲೆ ಬಿಸಿಲಿಗೆ ಇಡುತ್ತಿದ್ದರು. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗಿ ಇನ್ನೊಂದೆರಡು ರಾತ್ರಿ ಬೆಳಕು ಸಿಗುತ್ತಿತ್ತು. ಅದೂ ಮುಗಿದ ಮೇಲೆ ಮಕ್ಕಳ ಕೈಗೆ. ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು ಕಿತ್ತು, ಚಪ್ಪಲಿ ಚಕ್ರದ ಗಾಡಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಉಳಿದ ಜೀವದ ಶೆಲ್ಲು ಜೋಡಿಸಿದರೆ ಗಾಡಿ ನಾಲ್ಕು ಮಾರು ಹೋಗುತ್ತಿತ್ತು. ಜಿಲ್ಲೆಯ ಮೊದಲ ಬ್ಯಾಟರಿ ಕಾರುಗಳೆಂದರೆ ನಮ್ಮ ಲೆಕ್ಕದಲ್ಲಿ ಇವೇ. ಆದರೆ ಬಿಸಿಲಿಗಿಟ್ಟ ಶೆಲ್ಲಿನ ಆ ನೆನಪು ಹಳ್ಳಿ ಮನೆಗಳಲ್ಲಿ ಒಂದು ಅಭ್ಯಾಸವಾಗಿ ಉಳಿದಿದೆ. ಅದರ ಪರಿಣಾಮ ಮುಂದೆ ಬರುತ್ತದೆ.

ಇನ್ನು ರಿಮೋಟ್. ತಂತಿಯಿಲ್ಲದೆ ದೂರದ ವಸ್ತುವನ್ನು ಆಡಿಸಬಹುದು ಎಂದು ತೋರಿಸಿದವರಲ್ಲಿ ನಮ್ಮ ದೇಶದವರೇ ಮುಂದಿದ್ದರು. 1890ರ ದಶಕದ ಮಧ್ಯದಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೋಡೆಯಾಚೆಗೆ ಅಲೆ ಕಳುಹಿಸಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕೋಲಾ ಟೆಸ್ಲಾ ಪುಟ್ಟ ದೋಣಿಯೊಂದನ್ನು ರೇಡಿಯೊ ಅಲೆಯಿಂದ ಓಡಿಸಿ ತೋರಿಸಿದ. ಅವನ ಪೇಟೆಂಟಿನ ಚಿತ್ರ ನೋಡಿದರೆ ದೋಣಿಯ ಹೊಟ್ಟೆಯ ಬಹುಪಾಲು ಬ್ಯಾಟರಿಯೇ. ಅಲೆ ಕಳಿಸುವ ಜಾಣ್ಮೆ ಆಗಲೇ ಇತ್ತು. ಭಾರ ಇಳಿಯಬೇಕಿದ್ದದ್ದು ಬ್ಯಾಟರಿಯದು.

ಅದಕ್ಕೆ ಬೀಜ ಬಿದ್ದದ್ದು ಮಾರನೆಯ ವರ್ಷವೇ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಕಂಡುಹಿಡಿದ. ಮತ್ತೆ ಮತ್ತೆ ತುಂಬಿಸಬಹುದಾದ, ಏಟು ತಡೆಯುವ ಬ್ಯಾಟರಿ ಅದು. ಅದು ಚಿಕ್ಕದಾಗಿ ಆಟಿಕೆಗೆ ಬರುವ ಹೊತ್ತಿಗೆ ಅರ್ಧ ಶತಮಾನಕ್ಕಿಂತ ಹೆಚ್ಚಾಯಿತು. 1966ರಲ್ಲಿ ಇಟಲಿಯ ಎಲ್-ಜಿ ಎಂಬ ಕಂಪನಿ ರಿಮೋಟಿನ ಫೆರಾರಿ ಮಾರಾಟಕ್ಕೆ ತಂದಿತು. 1976ರಲ್ಲಿ ಜಪಾನಿನ ಟಮಿಯಾ ಪೋರ್ಷೆ 934 ತಂದಿತು. ಮಾದರಿ ಸರಿಯಾಗಿ ಬರಲೆಂದು ಕಂಪನಿಯವರು ನಿಜವಾದ ಪೋರ್ಷೆ 911 ಒಂದನ್ನು ಕೊಂಡು ಬಿಚ್ಚಿ ನೋಡಿದ್ದರು. 1984ರ ಟಮಿಯಾ ಗ್ರಾಸ್‌ಹಾಪರ್ ಮೊದಲ ಬಾರಿ ಕಾರು ಹಿಡಿಯುವವರಿಗೆಂದೇ ಮಾಡಿದ್ದು. ಬಿಡಿಭಾಗಗಳ ಪೆಟ್ಟಿಗೆ ಬರುತ್ತಿತ್ತು, ಕೂತು ಜೋಡಿಸಬೇಕು. 1.2 ವೋಲ್ಟಿನ ಆರು ಸೆಲ್ ಸೇರಿದ 7.2 ವೋಲ್ಟಿನ ಬ್ಯಾಟರಿಯನ್ನೂ ಚಾರ್ಜರನ್ನೂ ಬೇರೆಯಾಗಿ ಕೊಳ್ಳಬೇಕು. ಹವ್ಯಾಸದ ಕಾರು ಕೊಳ್ಳುವವನು ಕಾರು, ಬ್ಯಾಟರಿ, ಚಾರ್ಜರ್ ಎಂದು ಮೂರು ಲೆಕ್ಕ ಬರೆಯುವ ಪದ್ಧತಿ ಅಲ್ಲಿಂದ ಬಂದದ್ದು.

ಆ ಕಾಲದ ಭಾರತದಲ್ಲಿ ಇದು ಕನಸು. ಹೊರದೇಶದ ಆಟಿಕೆ ಸುಲಭಕ್ಕೆ ಒಳಗೆ ಬರುವಂತಿರಲಿಲ್ಲ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಅಲೆ ಕಳಿಸುವ ಸಾಧನವನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಗಲ್ಫಿನಿಂದ ಬಂದ ನೆಂಟರ ಸೂಟ್‌ಕೇಸಿನಲ್ಲೋ ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಕಂಡರೆ ಕಂಡಂತೆ. ನಮ್ಮ ಮಕ್ಕಳಿಗೆ ಸಿಕ್ಕಿದ್ದು ತಂತಿ ರಿಮೋಟ್. ಕಾರಿನ ಹಿಂದೆ ನಾಯಿ ಹಿಡಿದವರಂತೆ ಓಡಬೇಕು.

ಬಾಗಿಲು ತೆರೆದದ್ದು 2001ರ ಏಪ್ರಿಲ್ 1ರಂದು. ಉಳಿದಿದ್ದ ಆಮದು ನಿರ್ಬಂಧಗಳನ್ನು ಸರ್ಕಾರ ಅಂದು ತೆಗೆಯಿತು. ಅದೇ ವರ್ಷದ ಕೊನೆಗೆ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. 2005ರಲ್ಲಿ 2.4 ಗಿಗಾಹರ್ಟ್ಜ್ ಪಟ್ಟಿಯ ಕಡಿಮೆ ಬಲದ ಸಾಧನಗಳಿಗೆ ಲೈಸೆನ್ಸ್ ಬೇಡವೆಂದಾಯಿತು. ಅಷ್ಟರಲ್ಲಿ ಜಾತ್ರೆಗಳಲ್ಲಿ ಚೀನಾದ ರಿಮೋಟ್ ಕಾರುಗಳು ರಾಶಿ ಬಿದ್ದಿದ್ದವು. ಅವುಗಳಲ್ಲಿ ಹೆಚ್ಚಿನವು 27 ಮೆಗಾಹರ್ಟ್ಜ್‌ನವು. ಅಣ್ಣತಮ್ಮ ಇಬ್ಬರಿಗೂ ಒಂದೇ ಅಂಗಡಿಯಲ್ಲಿ ಕೊಡಿಸಿದರೆ ಒಬ್ಬನ ರಿಮೋಟಿಗೆ ಇಬ್ಬರ ಕಾರೂ ತಿರುಗುತ್ತಿತ್ತು. ಆ ಜಗಳ ಬಿಡಿಸದ ಮನೆಯಿಲ್ಲ.

ಆ ಕಾರುಗಳ ಪೆಟ್ಟಿಗೆಯಲ್ಲಿ ಬ್ಯಾಟರಿ, ಚಾರ್ಜರ್ ಎರಡೂ ಇದ್ದವು. ಪ್ರತ್ಯೇಕ ಲೆಕ್ಕ ಬೇಕಿಲ್ಲ ಎಂದು ನಾವೆಲ್ಲ ಸಂತೋಷಪಟ್ಟೆವು. ಮೋಸ ಇದ್ದದ್ದು ಅಲ್ಲೇ. ನಾಲ್ಕು ಸೆಲ್ಲಿನ 4.8 ವೋಲ್ಟಿನ ಬ್ಯಾಟರಿಗೆ ಜೋಡಿಯಾಗಿ ಬರುತ್ತಿದ್ದದ್ದು ಕಪ್ಪು ಡಬ್ಬಿಯ ಚಾರ್ಜರ್. ಬ್ಯಾಟರಿ ತುಂಬಿತೇ ಇಲ್ಲವೇ ಎಂದು ಅದಕ್ಕೆ ತಿಳಿಯದು. ಚುಚ್ಚಿದಷ್ಟು ಹೊತ್ತು ಕರೆಂಟು ತಳ್ಳುತ್ತದೆ. ಬ್ಯಾಟರಿ 700 ಎಂಎಎಚ್, ಚಾರ್ಜರ್ 250 ಮಿಲಿಆಂಪ್ ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಪೋಲಾಗುವುದನ್ನೂ ಸೇರಿಸಿ ಸುಮಾರು 4 ಗಂಟೆ ಸಾಕು. ನಮ್ಮ ಮನೆಗಳಲ್ಲಿ ಅದು ರಾತ್ರಿ ಊಟಕ್ಕೆ ಮುಂಚೆ ಚುಚ್ಚಿದರೆ ಬೆಳಗಿನ ಕಾಫಿಯವರೆಗೆ. ಹತ್ತು ರಾತ್ರಿ ಹೀಗೆ ಬೆಂದ ಬ್ಯಾಟರಿ ಹನ್ನೊಂದನೆಯ ದಿನ ಎರಡು ನಿಮಿಷಕ್ಕೆ ಮಲಗುತ್ತದೆ.

1989ರಲ್ಲಿ ನಿಕಲ್-ಮೆಟಲ್ ಹೈಡ್ರೈಡ್ ಮಾರುಕಟ್ಟೆಗೆ ಬಂತು. ಕ್ಯಾಡ್ಮಿಯಂ ವಿಷ ಇಲ್ಲ, ಅದೇ ಗಾತ್ರದಲ್ಲಿ ಹೆಚ್ಚು ಹಿಡಿಯುತ್ತದೆ. 1991ರಲ್ಲಿ ಸೋನಿ ಲಿಥಿಯಂ-ಅಯಾನ್ ತಂದಿತು. ಅದರ ಹಿಂದಿದ್ದ ಗುಡ್‌ಇನಫ್, ವಿಟಿಂಗ್‌ಹ್ಯಾಂ, ಯೊಶಿನೊ ಮೂವರಿಗೆ 2019ರಲ್ಲಿ ನೊಬೆಲ್ ಸಿಕ್ಕಿತು. ರಿಮೋಟ್ ಕಾರಿನವರು ಲಿಪೊ ಎನ್ನುವುದು ಇದರ ಒಡಹುಟ್ಟನ್ನೇ, ಮೆತ್ತನೆಯ ಚೀಲದಂಥ ಹೊದಿಕೆಯದು. ಹಗುರ, ಭಾರಿ ಬಲ. ಆದರೆ ಸ್ವಭಾವ ಪೂರ್ತಿ ಬೇರೆ.

ಹಳೆಯ ಬುದ್ಧಿವಾದ ಕೈಕೊಟ್ಟಿದ್ದು ಇಲ್ಲಿ. ‘ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜಿಗೆ ಹಾಕು’, ‘ಹೊಸ ಬ್ಯಾಟರಿಯನ್ನು ಮೊದಲ ಸಲ ಎಂಟು ಗಂಟೆ ಹಾಕು’ ಎಂಬ ಮಾತುಗಳನ್ನು ನಮ್ಮ ಕಡೆ ಈಗಲೂ ಹೇಳುತ್ತಾರೆ. ಅವು ಸುಳ್ಳಲ್ಲ. ನಿಕಲ್-ಕ್ಯಾಡ್ಮಿಯಂ ಕಾಲದಲ್ಲಿ ಅವಕ್ಕೆ ಅರ್ಥವಿತ್ತು. ಅರ್ಧ ಬಳಸಿ ತುಂಬಿಸುತ್ತ ಹೋದರೆ ಆ ಬ್ಯಾಟರಿ ಅರ್ಧಕ್ಕೇ ಒಗ್ಗಿಕೊಳ್ಳುತ್ತದೆ ಎಂದು ತಿಳಿದವರು ಕಂಡುಕೊಂಡ ಕ್ರಮ ಅದು. ಬಿಸಿಲಿಗಿಟ್ಟು ಕೊನೆಯ ಹನಿಯನ್ನೂ ಹಿಂಡುವುದು ಅದಕ್ಕೂ ಹಿಂದಿನ ಶೆಲ್ಲಿನ ಕಾಲದ ಜಾಣತನ. ಲಿಥಿಯಂಗೆ ಇವೆಲ್ಲ ವಿಷ. ಒಂದು ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ ಒಳಗೇ ಕೆಡುತ್ತದೆ, 4.2 ವೋಲ್ಟು ದಾಟಿಸಿದರೆ ಊದಿಕೊಳ್ಳುತ್ತದೆ, ಬೆಂಕಿಯೂ ಹೊತ್ತಬಹುದು. ಬಿಸಿಲಿಗಿಡುವ ಮಾತಂತೂ ಬೇಡವೇ ಬೇಡ. ತಾತ ಮೊಮ್ಮಗನಿಗೆ ಪ್ರೀತಿಯಿಂದ ಹೇಳಿಕೊಟ್ಟ ಕ್ರಮವೇ ಕಾರನ್ನು ಅಟ್ಟಕ್ಕೆ ಏರಿಸುತ್ತಿದೆ.

ಇಷ್ಟು ಇತಿಹಾಸ ಗೊತ್ತಿದ್ದರೆ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಬದಲಾಗುತ್ತದೆ. ಮೊದಲಿಗೆ, ಕಾರು ಯಾವ ಜಾತಿಯದು ಎಂದು ನೋಡಿ. ರಿಮೋಟಿನಲ್ಲಿ ಎಡಕ್ಕೆ ಸ್ವಲ್ಪ ಒತ್ತಿದರೂ ಚಕ್ರ ಪೂರ್ತಿ ಎಡಕ್ಕೆ ಹೊರಳಿದರೆ ಅದು ಆಟಿಕೆ. ಒತ್ತಿದಷ್ಟೇ ಹೊರಳಿದರೆ ಹವ್ಯಾಸದ ಕಾರು. ಆಟಿಕೆಯಲ್ಲಿ ಎಲ್ಲವೂ ಒಂದೇ ಬೋರ್ಡಿನ ಮೇಲೆ, ಅದು ಸುಟ್ಟರೆ ಕಾರು ಮುಗಿಯಿತು. ಹವ್ಯಾಸದ ಕಾರಿನಲ್ಲಿ ಮೋಟಾರು, ಚಕ್ರ ಹೊರಳಿಸುವ ಸರ್ವೊ, ವೇಗ ನಿಯಂತ್ರಕ, ರಿಸೀವರ್ ಬೇರೆ ಬೇರೆ. ಒಂದು ಕೆಟ್ಟರೆ ಒಂದನ್ನೇ ಬದಲಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಬಿಡಿಭಾಗಗಳ ಅಂಗಡಿಗಳಿವೆ. ತುಮಕೂರಿನ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ಸಮಯದಲ್ಲಿ ಬಸ್ಸು ಹತ್ತುವುದು ಅಲ್ಲಿಗೇ.

ಹವ್ಯಾಸದ ಕಾರು ಸಾಮಾನ್ಯವಾಗಿ ಶುರುವಾಗುವುದೇ ಹತ್ತು ಸಾವಿರದ ಆಸುಪಾಸಿನಲ್ಲಿ. ಇದು ಎಲ್ಲರ ಕೈಗೆಟುಕದು ಎಂದು ನಮಗೂ ಗೊತ್ತು. ಎಟುಕುವವರು ಮೊದಲ ಕಾರಿಗೆ ಬ್ರಷ್ ಮೋಟಾರಿನದನ್ನೇ ನೋಡಿ, ಬ್ರಷ್‌ಲೆಸ್ ವೇಗ ಎರಡನೆಯ ಕಾರಿಗಿರಲಿ. ನಮ್ಮ ನೆಲಕ್ಕೆ ತಳ ಎತ್ತರವಿರುವ, ದೊಡ್ಡ ಚಕ್ರದ ಕಾರೇ ಸರಿ. ತೆಂಗಿನ ತೋಟದಲ್ಲಿ ಓಡಿಸಿದರೆ ನಾರು ಅಚ್ಚಿಗೆ ಸುತ್ತಿಕೊಂಡು ಮೋಟಾರು ಬಿಸಿಯಾಗುತ್ತದೆ, ಪ್ರತಿ ಸಲ ಬಿಡಿಸಬೇಕು. ಸಗಣಿ ಸಾರಿಸಿದ ರಾಗಿ ಕಣದಂಥ ಟ್ರ್ಯಾಕ್ ಯಾವ ಪಟ್ಟಣದ ಹುಡುಗನಿಗೂ ಸಿಗದು. ಸುಗ್ಗಿ ಮುಗಿದ ಮೇಲೆ, ಮನೆಯವರನ್ನು ಕೇಳಿ.

ಹಣ ಹಂಚುವಾಗ ನೂರಕ್ಕೆ ಅರವತ್ತು ಕಾರಿಗೆ, ನಲವತ್ತು ಬ್ಯಾಟರಿ-ಚಾರ್ಜರಿಗೆ ಎಂದು ನಾವು ಹೇಳುತ್ತೇವೆ. ಆ ನಲವತ್ತರಲ್ಲೂ ಚಾರ್ಜರಿಗೆ ಮೊದಲ ಪಾಲು. ಬ್ಯಾಟರಿ ಎರಡು ವರ್ಷದಲ್ಲಿ ಬದಲಾಗಬಹುದು, ಒಳ್ಳೆಯ ಚಾರ್ಜರ್ ಮೂರನೆಯ ಕಾರಿನವರೆಗೂ ಉಳಿಯುತ್ತದೆ. ಹನ್ನೆರಡು ವರ್ಷದೊಳಗಿನ ಮಗು ಒಂಟಿಯಾಗಿ ಆಡುವುದಾದರೆ ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿ ಮತ್ತು ತುಂಬಿದಾಗ ತಾನೇ ನಿಲ್ಲುವ ಚಾರ್ಜರ್. ಈ ಬ್ಯಾಟರಿ ತುಂಬಿದ ಗಳಿಗೆಯಲ್ಲಿ ವೋಲ್ಟೇಜು ಚೂರು ಇಳಿಯುತ್ತದೆ, ಅದನ್ನು ಹಿಡಿದು ನಿಲ್ಲುವ ಚಾರ್ಜರುಗಳಿವೆ. ದೊಡ್ಡವರು ಜೊತೆಗಿದ್ದರೆ ಎರಡು ಸೆಲ್ಲಿನ 7.4 ವೋಲ್ಟಿನ ಲಿಪೊ. ಆಗ ಎರಡು ಸೆಲ್ಲನ್ನೂ ಸಮ ತೂಗಿಸುವ ಬ್ಯಾಲೆನ್ಸ್ ಚಾರ್ಜರ್ ಬೇಕೇ ಬೇಕು. ಕಾರಿನ ವೇಗ ನಿಯಂತ್ರಕಕ್ಕೆ ಲಿಪೊ ಗುರುತು ಹಿಡಿದು ನಿಲ್ಲಿಸುವ ಗುಣ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ವೋಲ್ಟೇಜು ಇಳಿದಾಗ ಕೂಗುವ ಪುಟ್ಟ ಬಜರ್ ಸಿಗುತ್ತದೆ, ಬೆಲೆ ಏನೂ ಹೆಚ್ಚಲ್ಲ.

ಓಟದ ಲೆಕ್ಕವನ್ನು ಡಬ್ಬಿಯ ಮೇಲಿನ ಮಾತಿನಿಂದ ನಂಬಬೇಡಿ. 1500 ಎಂಎಎಚ್ ಬ್ಯಾಟರಿಯಿಂದ ಮೋಟಾರು ಸರಾಸರಿ 10 ಆಂಪ್ ಎಳೆದರೆ 9 ನಿಮಿಷ. ಅದನ್ನು 1.5 ಆಂಪ್‌ನಲ್ಲಿ ತುಂಬಿಸಲು ಒಂದು ಗಂಟೆಗೆ ಮೇಲೆ. ಅದಕ್ಕೇ ಬಹಳ ಮಂದಿ ಎರಡನೆಯ ಬ್ಯಾಟರಿ ಕೊಳ್ಳುತ್ತಾರೆ, ಚಾರ್ಜರಿನ ಬಲ ಹೆಚ್ಚಿಸಿ ಮೊದಲನೆಯದನ್ನು ಬೇಯಿಸುವುದಕ್ಕಿಂತ ಅದು ಮೇಲು.

ನಮ್ಮ ಊರುಗಳಿಗೇ ಮೀಸಲಾದ ಇನ್ನೊಂದು ತೊಡಕು ಕರೆಂಟು. ಅಗ್ಗದ ಕೆಲವು ಚಾರ್ಜರುಗಳು ಗಡಿಯಾರ ನೋಡಿ ನಿಲ್ಲುತ್ತವೆ. ಮೂರು ಗಂಟೆ ಆದ ಮೇಲೆ ಕರೆಂಟು ಹೋಗಿ, ನಡುರಾತ್ರಿ ಬಂದರೆ, ಆ ಚಾರ್ಜರ್ ಮತ್ತೆ ಒಂದರಿಂದ ಎಣಿಸಲು ಶುರು ಮಾಡುತ್ತದೆ. ಮನೆಯವರೆಲ್ಲ ಮಲಗಿರುತ್ತಾರೆ. ವೋಲ್ಟೇಜು ನೋಡಿ ನಿಲ್ಲುವ ಚಾರ್ಜರಿಗೆ ಈ ಮರೆವಿಲ್ಲ. ಬಿ6 ಮಾದರಿಯವು ಕರೆಂಟು ಹೋಗಿ ಬಂದರೆ ಮೊದಲ ಪರದೆಗೆ ಮರಳಿ ಸುಮ್ಮನೆ ಕಾಯುತ್ತವೆ, ನೀವು ಗುಂಡಿ ಒತ್ತಿದರಷ್ಟೇ ಮುಂದಕ್ಕೆ. ಅವುಗಳಲ್ಲಿ ಹೆಚ್ಚಿನವಕ್ಕೆ 11ರಿಂದ 18 ವೋಲ್ಟಿನ ನೇರ ವಿದ್ಯುತ್ ಸಾಕು. ಹಾಗೆಂದರೆ ಟ್ರ್ಯಾಕ್ಟರಿನ ಬ್ಯಾಟರಿಯಿಂದಲೂ ನಡೆಯುತ್ತದೆ, ಮನೆಯ ಯುಪಿಎಸ್ ಬ್ಯಾಟರಿಯಿಂದಲೂ ನಡೆಯುತ್ತದೆ. ಕೊಳ್ಳುವಾಗ ಅಡಾಪ್ಟರ್ ಜೊತೆಗಿದೆಯೇ ಎಂದು ಮಾತ್ರ ನೋಡಿ, ಬಹಳ ಸಲ ಇರುವುದಿಲ್ಲ. ಲಿಪೊ ಚಾರ್ಜಿಗೆ ಹಾಕುವಾಗ ಹಾಸಿಗೆ, ಹುಲ್ಲಿನ ಅಟ್ಟ, ಕೊಬ್ಬರಿ ರಾಶಿ ಮೂರೂ ದೂರ ಇರಲಿ. ಸಿಮೆಂಟು ನೆಲ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು, ಎದುರಿಗೆ ಎಚ್ಚರವಿರುವ ಒಬ್ಬರು.

ಜಾತ್ರೆಯ ಕಾರೇ ಕೊಡಿಸುವುದಾದರೆ? ಕೊಡಿಸಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ವಿದ್ಯುತ್ ಆಟಿಕೆಗೆ ಐಎಸ್ 15644 ಎಂಬ ಮಾನದಂಡವಿದೆ. ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಬೆಲೆ ಏರಿದ್ದಕ್ಕೆ ಅಂಗಡಿಯವನನ್ನೊಬ್ಬನನ್ನೇ ಬೈಯುವಂತಿಲ್ಲ. ಗುರುತು ಇದೆಯೇ ನೋಡಿ, ಬ್ಯಾಟರಿ ಹೊರತೆಗೆಯಲು ಬರುತ್ತದೆಯೇ ನೋಡಿ. ಬಂದರೆ ಅದರ ಬಿಳಿ ಪ್ಲಗ್ಗಿನ ಅಳತೆಗೆ ಹೊಂದುವ ಅದೇ ವೋಲ್ಟಿನ ಇನ್ನೊಂದು ಬ್ಯಾಟರಿ ಮುಂದೆ ಸಿಗುತ್ತದೆ. ಯುಎಸ್‌ಬಿ ತಂತಿಯ ಚಾರ್ಜರ್ ಬಂದಿದ್ದರೆ ಅಪ್ಪನ ಫೋನಿನಲ್ಲಿ ಅಲಾರಂ ಇಟ್ಟು, ಹೊತ್ತಾದ ಕೂಡಲೇ ಕಿತ್ತಿಡಿ. ಅಷ್ಟು ಮಾಡಿದರೇ ಒಂದು ವಾರದ ಕಾರು ಒಂದು ವರ್ಷ ಓಡುತ್ತದೆ.

ಊದಿದ ಲಿಪೊವನ್ನು ಮಾತ್ರ ಚುಚ್ಚಿ ಗಾಳಿ ಬಿಡಲು ಹೋಗಬೇಡಿ, ತಿಪ್ಪೆಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿ ಬಿಟ್ಟ ಬ್ಯಾಟರಿಗಳನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆ ತಯಾರಕರದು. ಗುಜರಿಯವನಿಗೆ ಕೊಡುವುದಾದರೂ ಎರಡು ತಂತಿಯ ತುದಿಗೂ ಬೇರೆ ಬೇರೆಯಾಗಿ ಇನ್ಸುಲೇಷನ್ ಟೇಪು ಸುತ್ತಿ, ‘ಇದು ಲಿಥಿಯಂ’ ಎಂದು ಬಾಯಲ್ಲಿ ಹೇಳಿ ಕೊಡಿ. ಅವನ ಗಾಡಿಯಲ್ಲಿ ಹಳೇ ಪೇಪರ್ ರಾಶಿಯೂ ಇರುತ್ತದೆ.